ಹಸಿರು ಶಾಯಿಯ ಗುರುತು

ಆ ಮನೆಯಲ್ಲಿ ಸೊಸೆಗೆ ಆರು ವರ್ಷದಿಂದ ಒಂದೇ ಹೆಸರು: ಉಲ್ಟಾ. ಇಟ್ಟವರು ಮಾವ. ಮದುವೆಯಾಗಿ ಬಂದ ಮೂರನೇ ತಿಂಗಳಲ್ಲಿ ಅಡುಗೆಮನೆಯ ನಲ್ಲಿ ಕಿತ್ತುಕೊಂಡು ಬಂದಿತ್ತು. ನೀರಿನ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದ ಹುಡುಗಿ ಓಡಿಹೋಗಿ, ಮೆಟ್ಟಿಲ ಕೆಳಗೆ ಅರ್ಧ ತೆರೆದಿದ್ದ ವಾಲ್ವನ್ನು ಗಾಬರಿಯಲ್ಲಿ ಮುಚ್ಚುವ ಬದಲು ಪೂರ್ತಿ ತೆರೆದುಬಿಟ್ಟಳು. ನೀರು ನಡುಮನೆಯವರೆಗೆ ಬಂತು. ಯಾರ ಮನೆಯಲ್ಲಾದರೂ ಆಗುವಂಥದ್ದೇ, ಒರೆಸಿದರೆ ಮುಗಿಯಿತು. ಮುಗಿಯಲು ಮಾವ ಬಿಡಬೇಕಲ್ಲ! ಬಂದವರಿಗೆ, ಹೋದವರಿಗೆ, ಪಕ್ಕದ ಮನೆಯವರಿಗೆ, ಅಂಚೆಯವನಿಗೆ, ಅವಳ ಸ್ವಂತ ತಂದೆತಾಯಿಗೆ ಕೂರಿಸಿಕೊಂಡು ಹೇಳಿದರು. ಹೇಳುವಾಗ ಕೈಯನ್ನು ಗಾಳಿಯಲ್ಲಿ ತಪ್ಪು ದಿಕ್ಕಿಗೆ ತಿರುಗಿಸಿ ತೋರಿಸುತ್ತಿದ್ದರು. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಸೊಸೆ ಚಹಾದ ತಟ್ಟೆ ಹಿಡಿದು ನಿಂತಿರುತ್ತಿದ್ದಳು.

ಮಾವನಿಗೂ ಒಂದು ಅಡ್ಡಹೆಸರಿತ್ತು, ಆದರೆ ಅದು ಕಿರೀಟದಂಥದ್ದು: ಕಿವಿ ಯಜಮಾನರು. ಅದೇ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅವರ ಕೆಲಸ ನೆಲದೊಳಗೆ ನೀರು ಸೋರುವ ಜಾಗವನ್ನು ಕಿವಿಯಿಂದ ಪತ್ತೆಹಚ್ಚುವುದು. ಬೆಳಕು ಹರಿಯುವ ಮುಂಚೆ, ಬೀದಿ ಸದ್ದಿಲ್ಲದಿರುವಾಗ, ಎದೆಯೆತ್ತರದ ಕಬ್ಬಿಣದ ಸರಳನ್ನು ಪೈಪಿನ ಮೇಲಿನ ನೆಲಕ್ಕೆ ಊರಿ, ಅದರ ತುದಿಯ ಮರದ ಬಟ್ಟಲಿಗೆ ಕಿವಿ ಕೊಟ್ಟು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಸೀಮೆಸುಣ್ಣದಲ್ಲಿ ಒಂದು ಅಡ್ಡಗೀಟು, ಒಂದು ಉದ್ದಗೀಟು ಎಳೆದು ಮನೆಗೆ ಹೊರಡುತ್ತಿದ್ದರು. ಅಗೆಯುವವರು ಬರುತ್ತಿದ್ದುದು ಬೆಳಿಗ್ಗೆ ಎಂಟಕ್ಕೆ. ಅಷ್ಟು ಹೊತ್ತಿಗೆ ಯಜಮಾನರು ಮನೆಯಲ್ಲಿ ಸ್ನಾನ ಮುಗಿಸಿ, ನೋಟ್‌ಬುಕ್ಕಿನಲ್ಲಿ ಬೀದಿ, ಮನೆ ನಂಬರು ಬರೆದು, ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ಸರಿ ಗುರುತು ಹಾಕಿ ಆಗಿರುತ್ತಿತ್ತು. ಗುಂಡಿ ತೆರೆದದ್ದನ್ನು ಒಮ್ಮೆಯೂ ನಿಂತು ನೋಡಿದವರಲ್ಲ.

"ನಾನು ತೋರಿಸಿದ ಮೇಲೆ ನೋಡೋದೇನಿದೆ?" ಎನ್ನುತ್ತಿದ್ದರು.

ಈಗ ಎಪ್ಪತ್ತನಾಲ್ಕು. ಕಿವಿ ಮಂದವಾಗಿದೆ. ಆದರೆ ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಅಂತ ಮಗ ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ ಎರಡು ದಿನ ಊಟ ಬಿಟ್ಟಿದ್ದರು. ಹಾಗಾಗಿ ಮನೆಯವರೆಲ್ಲ ಗಂಟಲು ಹರಿಯುವಂತೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಯಾಕೆ ಕಿರುಚುತ್ತೀರಿ ಅಂತ ಅವರೇ ಬೈಯುತ್ತಿದ್ದರು.

ಇಲಾಖೆಯಲ್ಲೂ ಸೊಸೆಗೆ ಸ್ವಂತ ಹೆಸರೆಂದು ಇರಲಿಲ್ಲ. ಕಿವಿ ಯಜಮಾನರ ಸೊಸೆ, ಅಷ್ಟೇ. ಆರು ವರ್ಷ ದೂರು ಕೌಂಟರಿನ ಕಿಂಡಿಯ ಹಿಂದೆ ಕೂತು, ನೀರು ಬಂದಿಲ್ಲ, ನೀರು ಕೆಂಪಗಿದೆ, ಬಿಲ್ಲು ತಪ್ಪಿದೆ ಎಂಬುದನ್ನು ಬರೆದುಕೊಂಡಿದ್ದಳು. ಒಂದು ಸೋಮವಾರ ಮುಖ್ಯ ಇಂಜಿನಿಯರ್ ಕರೆಸಿದರು.

"ಪೈಪಿನ ಮೇಲೇ ಕೂರಿಸೋ ಸೋರಿಕೆ ಹಿಡಿಯೋ ಯಂತ್ರಗಳ ಬಗ್ಗೆ ನೀನು ಬರೆದ ಟಿಪ್ಪಣಿ ಓದಿದೆ. ಚೆನ್ನಾಗಿದೆ. ಮೂರು ವಾರದಲ್ಲಿ ಆಡಳಿತ ಮಂಡಳಿ ಮುಂದೆ ಇಪ್ಪತ್ತು ನಿಮಿಷ ಮಾತಾಡು. ಒಪ್ಪಿದ್ರೆ ಹೊಸ ವಿಭಾಗ ನಿಂದೇ. ಒಪ್ಪದಿದ್ರೆ..." ಎಂದು ಕಿಂಡಿಯ ಕಡೆ ಕೈ ತೋರಿಸಿದರು.

ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಕಂಪ್ಯೂಟರ್ ತೆರೆದು ಬಣ್ಣಬಣ್ಣದ ಸ್ಲೈಡು ಮಾಡಲು ಕೂರುತ್ತಿದ್ದರು. ಇವಳು ಒಂದು ಹಾಳೆ ತೆಗೆದುಕೊಂಡು, ಆ ಕೋಣೆಯಲ್ಲಿ ಕೂರುವ ಏಳು ಜನರನ್ನು ಬರೆದಳು. ಅವರಿಗೆ ಏನು ಗೊತ್ತು, ಏನು ಗೊತ್ತಿಲ್ಲ, ಬೇಡ ಅನ್ನುವುದಾದರೆ ಯಾವ ಮಾತು ಹೇಳಿ ಬೇಡ ಅನ್ನುತ್ತಾರೆ? ಊಹಿಸುತ್ತ ಕೂರಲಿಲ್ಲ. ಒಬ್ಬೊಬ್ಬರ ಕೋಣೆಗೂ ಹೋಗಿ, ಕಾಲು ಗಂಟೆ ಕೂತು ಕೇಳಿ ಬಂದಳು. ಏಳರಲ್ಲಿ ಐವರು ಬೇರೆ ಬೇರೆ ಕುರ್ಚಿಗಳಲ್ಲಿ ಕೂತು ಒಂದೇ ಮಾತು ಹೇಳಿದರು.

"ಯಂತ್ರ ಯಾಕಮ್ಮ? ನಿಮ್ಮ ಮಾವ ಒಂದು ಸರಳು ಹಿಡ್ಕೊಂಡು ಇಡೀ ಊರನ್ನ ಕಾದ್ರು. ಅಂಥ ಇನ್ನಿಬ್ಬರನ್ನ ತಯಾರು ಮಾಡಿದ್ರೆ ಸಾಕು."

ಮಂಡಳಿಯ ಅಧ್ಯಕ್ಷರಂತೂ ಕಣ್ಣಲ್ಲಿ ನೀರು ತಂದುಕೊಂಡರು. ಅವರ ಬೀದಿಯ ಸೋರಿಕೆಯನ್ನು ಯಜಮಾನರು ಒಂದೇ ಗೀಟಿನಲ್ಲಿ ಹಿಡಿದಿದ್ದರಂತೆ. ಸೊಸೆ ಹಾಳೆಯ ಮೇಲೆ 'ಅಡ್ಡಿ' ಎಂದು ಬರೆದು, ಅದರ ಮುಂದೆ 'ಮಾವ' ಎಂದು ಬರೆದಳು. ಬರೆದು ಅವಳಿಗೇ ನಗು ಬಂತು. ಮನೆಯಲ್ಲೂ ಅದೇ ಅಡ್ಡಿ, ಆಫೀಸಿನಲ್ಲೂ ಅದೇ.

ಆಗಿನ್ನೂ ಅವಳ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಅದನ್ನು ಹೇಳಲೇಬೇಕು. ಕಿವಿಯಿಂದ ಕೇಳುವ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಸರಿಯಾಗಿ ತಿಳಿದುಕೊಳ್ಳದೆ ಯಂತ್ರದ ಮಾತೆತ್ತಿದರೆ ಮರ್ಯಾದೆ ಹೋಗುತ್ತದೆ ಎಂದಷ್ಟೇ ಅಂದುಕೊಂಡು, ಸಂಜೆ ಮಾವನ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು.

"ಏನು, ಉಲ್ಟಾ? ಮತ್ತೆ ಯಾವ ವಾಲ್ವ್ ತಿರುಗಿಸಿದೆ?"

"ಮಾವ, ನಿಮ್ಮ ಕೆಲಸದ ಬಗ್ಗೆ ಕೇಳ್ಬೇಕಿತ್ತು. ಆಫೀಸಲ್ಲಿ ಮಾತಾಡೋಕಿದೆ," ಎಂದು ಏರುದನಿಯಲ್ಲಿ ಹೇಳಿದಳು.

ಮುದುಕರು ಅವಳನ್ನು ದಿಟ್ಟಿಸಿದರು. ಆರು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವರನ್ನು ಕೆಲಸದ ಬಗ್ಗೆ ಕೇಳಿರಲಿಲ್ಲ. ಅವರು ಹೇಳಿದ್ದನ್ನು ಕೇಳಿಸಿಕೊಂಡಿದ್ದರು, ತಾವಾಗಿ ಕೇಳಿರಲಿಲ್ಲ. ಮುಖದ ಗಂಟು ಸಡಿಲವಾಯಿತು. ಅವತ್ತು ಎರಡು ಗಂಟೆ ಮಾತಾಡಿದರು. ಮರುದಿನ ಅವಳು ಬರುವ ಮೊದಲೇ ಸ್ಟೂಲು ಎಳೆದಿಟ್ಟಿದ್ದರು. ಮೂರನೇ ದಿನ ಬಾಯಿಂದ 'ಉಲ್ಟಾ' ಹೋಗಿ 'ತಾಯಿ' ಬಂತು. ಅಡುಗೆಮನೆಯಲ್ಲಿದ್ದ ಗಂಡ ಆ ಮಾತು ಕೇಳಿ ಈಚೆ ಬಂದು, ಇದೇನಾಯಿತಪ್ಪಾ ಎಂದು ಇಬ್ಬರ ಮುಖವನ್ನೂ ನೋಡಿ ಹೋದ.

ಎಂಥ ಮೇಷ್ಟ್ರಾಗುತ್ತಿದ್ದರು ಈ ಮನುಷ್ಯ! ಅವಳು ಕಲಿಯುತ್ತಾ ಹೋದಳು.

"ಮಾತಾಡೋ ಮೊದಲು ಜಾಗಕ್ಕೆ ಹೋಗು. ಕೆಲಸ ಮಾಡಿದೋರ ಬಾಯಿಂದ ಕೇಳು. ಆದ್ರೆ ಬಾಯಲ್ಲಿ ಹೇಳಿದ್ದನ್ನ ಪೂರ್ತಿ ನಂಬಬೇಡ, ಬರೆದಿಟ್ಟಿದ್ದನ್ನ ನೋಡು. ಒಂದು ಕಡೆ ಬರೆದಿದ್ದು ಸಾಲದು, ಎರಡು ಕಡೆ ತಾಳೆ ನೋಡು. ಅಂಕಿ ತೋರಿಸಿದ್ರೆ ಆಧಾರ ಹೇಳು. ಆಧಾರ ಹೇಳದ ಅಂಕಿ ತಂದೋನನ್ನ ನಾನು ಮೀಟಿಂಗಲ್ಲಿ ಕೂರೋಕೆ ಬಿಡ್ತಿರ್ಲಿಲ್ಲ, ಗೊತ್ತಾ? ನಿಲ್ಲಿಸಿ ಕೇಳ್ತಿದ್ದೆ: ಯಾರ ಅಂಕಿ ಇದು, ಹೆಸರು ಹೇಳು!"

ಮಂಚದ ಕೆಳಗಿನ ಟ್ರಂಕನ್ನು ತಾವೇ ಎಳೆದು ಬೀಗದ ಕೈ ಅವಳ ಕೈಗಿಟ್ಟರು. ಒಳಗೆ ಮೂವತ್ತೊಂದು ನೋಟ್‌ಬುಕ್ಕು, ವರ್ಷಕ್ಕೊಂದು. ಪ್ರತಿ ಪುಟದಲ್ಲೂ ಹಸಿರು ಸರಿ ಗುರುತು, ಮೇಲಿಂದ ಕೆಳಗೆ ಒಂದು ಸಾಲು ಬಿಡದೆ.

"ಒಂದೂ ತಪ್ಪಿಲ್ಲ, ತಾಯಿ. ತಗೊಂಡೋಗು. ನನ್ನ ಹೆಸರು ಒಂದು ಮೂಲೆಯಲ್ಲಿ ಹಾಕಿದ್ರೆ ಸಾಕು."

ಅವಳು ಮಾವ ಹೇಳಿದ್ದನ್ನೇ ಮಾಡಿದಳು. ಎರಡು ಕಡೆ ತಾಳೆ ನೋಡಲು ಹೋದಳು. ಆಫೀಸಿನ ನೆಲಮಾಳಿಗೆಯಲ್ಲಿ ಅಗೆತದ ರಿಜಿಸ್ಟರುಗಳಿದ್ದವು: ಯಾವ ಬೀದಿ, ಎಷ್ಟನೇ ಗುಂಡಿ, ನೀರು ಸಿಕ್ಕಿತೋ ಇಲ್ಲವೋ. ಬರೆಯುತ್ತಿದ್ದವನು ಅಗೆಯುವವರ ಮೇಸ್ತ್ರಿ. ಮಾವನ ನೋಟ್‌ಬುಕ್ಕು ಮನೆಯ ಮಂಚದ ಕೆಳಗೆ, ರಿಜಿಸ್ಟರು ಇಲ್ಲಿ ಧೂಳಿನೊಳಗೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆಂದು ಮೂವತ್ತೊಂದು ವರ್ಷದಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಮೊದಲನೇ ಸಾಲು: ಮೊದಲ ಗುಂಡಿ, ಒಣಗಿದೆ. ಎರಡನೇ ಗುಂಡಿ, ಒಣಗಿದೆ. ಮೂರನೇ ಗುಂಡಿ, ಸಿಕ್ಕಿತು. ನೋಟ್‌ಬುಕ್ಕಿನಲ್ಲಿ ಅದೇ ದಿನ, ಅದೇ ಬೀದಿ, ಹಸಿರು ಗುರುತು. ಎರಡನೇ ಸಾಲೂ ಹಾಗೇ. ಏನೋ ಎಡವಟ್ಟಾಗಿದೆ ಎಂದು ಬೇರೆ ವರ್ಷ ತೆಗೆದಳು. ಅಲ್ಲೂ ಹಾಗೇ. ನಾಲ್ಕು ದಿನ ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚಿ, ಎರಡೂ ಕಡೆ ಸಿಕ್ಕ ಒಂದು ಸಾವಿರದ ಇನ್ನೂರ ಹನ್ನೆರಡು ಗೀಟುಗಳನ್ನು ಒಂದೊಂದಾಗಿ ತಾಳೆ ನೋಡಿದಳು. ಗೀಟು ಎಳೆದ ಜಾಗದಲ್ಲೇ ನೀರು ಸಿಕ್ಕಿದ್ದು ಮುನ್ನೂರ ಎಂಬತ್ತೊಂಬತ್ತು ಕಡೆ. ಉಳಿದದ್ದೆಲ್ಲ ಅಗೆಯುವವರು ಆಚೆ ಈಚೆ ತೋಡಿ, ಬೆವರು ಸುರಿಸಿ ಹುಡುಕಿದ್ದು. ಕೊನೆಯ ಎಂಟು ವರ್ಷ ಹತ್ತಕ್ಕೆ ಒಂದೂ ಸರಿಯಿರಲಿಲ್ಲ. ಕಿವಿ ಹೋದದ್ದು ಈಚೆಗಲ್ಲ, ಕೆಲಸದಲ್ಲಿದ್ದಾಗಲೇ.

ಅವಳಿಗೆ ಮೊದಲು ಬಂದದ್ದು ಮರುಕವಲ್ಲ. ಸುಳ್ಳು ಯಾಕೆ ಹೇಳಬೇಕು, ಖುಷಿಯಾಯಿತು. ಆ ನೆಲಮಾಳಿಗೆಯಲ್ಲಿ ಒಬ್ಬಳೇ ಕೂತು ಗಾಳಿಯಲ್ಲಿ ಕೈಯನ್ನು ತಪ್ಪು ದಿಕ್ಕಿಗೆ ತಿರುಗಿಸಿದಳು.

ಮೇಸ್ತ್ರಿ ಬದುಕಿದ್ದ. ನಿವೃತ್ತನಾಗಿ ಮಗಳ ಮನೆಯಲ್ಲಿದ್ದ. ಕೆಲಸ ಮಾಡಿದವರ ಬಾಯಿಂದ ಕೇಳಬೇಕಲ್ಲ, ಹುಡುಕಿಕೊಂಡು ಹೋದಳು. ಅವಳು ರಿಜಿಸ್ಟರಿನ ಮಾತೆತ್ತಿದ ಕೂಡಲೇ ಅವನು ಬಾಗಿಲು ಮುಂದೆ ಮಾಡಿದ.

"ಅದನ್ನ ಯಾಕಮ್ಮ ಕೆದಕ್ತೀಯ?"

"ನಿಮಗೆಲ್ಲ ಗೊತ್ತಿತ್ತಾ?"

"ಗುಂಡಿ ತೋಡಿದೋರು ನಾವು, ನಮಗೆ ಗೊತ್ತಿಲ್ದೆ ಇರುತ್ತಾ? ಹೊಸದರಲ್ಲೇ ಒಂದ್ಸಲ ಹೇಳೋಣ ಅಂತ ಹೋದೆ. ಚಳಿಯಲ್ಲಿ ನಿಂತು ಕಣ್ಣು ಮುಚ್ಚಿ ಕೇಳ್ತಿದ್ರು. ಮುಖ ನೋಡಿ ಬಾಯಿ ಬರ್ಲಿಲ್ಲ. ಆಮೇಲೆ ನನ್ನ ಹೆಂಡತಿ ಆಸ್ಪತ್ರೇಲಿದ್ದಾಗ ಹದಿನೆಂಟು ದಿನ ಅವರೇ ಬಂದು ಕೂತ್ರು. ಇನ್ನೆರಡು ಗುಂಡಿ ತೋಡಿದ್ರೆ ನಮ್ಮ ಗಂಟೇನು ಹೋಗ್ತಿತ್ತು? ಹುಡುಗರಿಗೆಲ್ಲ ಹೇಳಿಟ್ಟಿದ್ದೆ, ಯಾರೂ ಬಾಯಿ ಬಿಡ್ಬೇಡಿ ಅಂತ. ನೀನೂ ಬಿಡ್ಬೇಡ. ಮನೆ ಹಿರಿಯರಮ್ಮ."

ಹದಿನೆಂಟು ದಿನದ ಸುದ್ದಿ ಅವಳಿಗೆ ಹೊಸದು. ತಾನು ಕಂಡ ಮಾವನನ್ನು ಇವನು ಹೇಳುತ್ತಿರುವ ಮನುಷ್ಯನ ಪಕ್ಕ ಇಟ್ಟು ತಾಳೆ ನೋಡಿದಳು, ತಾಳೆಯಾಗಲಿಲ್ಲ. ಹೂಂ ಎಂದು ಎದ್ದು ಬಂದಳು.

ಗಂಡನಿಗೆ ಹೇಳಿದಾಗ ಅವನು ಎದ್ದು ಕೋಣೆಯ ಬಾಗಿಲು ಹಾಕಿದ.

"ಬೇಡ ಕಣೇ. ಅಪ್ಪ ಎದೆ ಒಡ್ಕೊಂಡು ಸಾಯ್ತಾರೆ. ಬೇರೆ ಏನಾದ್ರೂ ತೋರ್ಸು."

"ಬೇರೆ ಏನು ತೋರಿಸಿದ್ರೂ ನಿಮ್ಮಪ್ಪನ ಹೆಸರು ಹೇಳಿ ತಳ್ಳಿ ಹಾಕ್ತಾರೆ. ಐದು ಜನ ಹೇಳಿದ್ದಾರೆ. ನಾನು ಸಾಯೋವರೆಗೂ ಆ ಕಿಂಡೀಲೇ ಕೂರ್ಲಾ?"

"ಹೆಸರಾದ್ರೂ ಹಾಕ್ಬೇಡ."

"ಹಾಕಲ್ಲ."

ಮಾತಿಗೆ ತಪ್ಪಲಿಲ್ಲ. ಸ್ಲೈಡಿನ ಮೇಲೆ 'ಒಬ್ಬ ಅನುಭವಿ ಆಲಿಸುವವರು, 1,212 ಗುರುತು' ಎಂದಷ್ಟೇ ಬರೆದಳು. ಒಟ್ಟು ಒಂಬತ್ತು ಸ್ಲೈಡು. ಕೇಳಬಹುದಾದ ಪ್ರಶ್ನೆಗಳನ್ನು ಪಟ್ಟಿ ಮಾಡಿದಳು, ನಲವತ್ತು ಬಂದವು. ಮೂವತ್ತೊಂಬತ್ತಕ್ಕೆ ಬಾಯಲ್ಲಿ ಉತ್ತರ ಸಿದ್ಧ ಮಾಡಿದಳು. ನಲವತ್ತನೆಯದು 'ಯಾರ ಅಂಕಿ ಇದು?' ಅದಕ್ಕೆ ಒಂದು ಹತ್ತನೇ ಸ್ಲೈಡು ಮಾಡಿ ಕೊನೆಯಲ್ಲಿ ಅಡಗಿಸಿಟ್ಟಳು. ನೋಟ್‌ಬುಕ್ಕಿನ ಒಂದು ಪುಟ, ಪಕ್ಕದಲ್ಲಿ ರಿಜಿಸ್ಟರಿನ ಅದೇ ದಿನದ ಪುಟ. ಯಾರೂ ಕೇಳುವುದಿಲ್ಲ, ಸುಮ್ಮನೆ ಇರಲಿ ಎಂದು ತನಗೆ ತಾನೇ ಹೇಳಿಕೊಂಡಳು. ಆ ಊರಿನಲ್ಲಿ ಅಂಥ ಪ್ರಶ್ನೆ ಕೇಳುವ ಮನುಷ್ಯ ಒಬ್ಬನೇ ಇದ್ದ. ಅವನಿಗೆ ಆಹ್ವಾನ ಪತ್ರ ಕಳಿಸಬೇಕೆಂದು ಅಧ್ಯಕ್ಷರಿಗೆ ನೆನಪಿಸಿದವಳೂ ಅವಳೇ.

ಆ ದಿನ ಬೆಳಿಗ್ಗೆ ಮಾವ ಮದುವೆಗೆ ಹೊರಟವರ ಹಾಗೆ ತಯಾರಾದರು. ಬೂದು ಕೋಟು, ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಸರಳು. ಬಸ್ಸಿನಲ್ಲಿ ಅದನ್ನು ಎರಡೂ ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕೂತರು.

"ಹೆದರ್ಕೋಬೇಡ ತಾಯಿ. ನಾನಿದ್ದೀನಿ," ಎಂದರು.

ಸಭಾಕೋಣೆ ಉದ್ದನೆಯದು. ಒಂದೇ ಕಡೆ ಕಿಟಕಿ, ಮೇಜಿನ ಮೇಲೆ ನೀರಿನ ಲೋಟಗಳು. ಅಧ್ಯಕ್ಷರು ಎದ್ದು ಬಂದು ಯಜಮಾನರ ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದರು. ಸೊಸೆ ತಂತಿ ಜೋಡಿಸುತ್ತಿದ್ದಳು. ಹಳೆಯ ಗೆಳೆಯರನ್ನೆಲ್ಲ ಒಟ್ಟಿಗೆ ಕಂಡದ್ದೇ ತಡ, ಮುದುಕರಿಗೆ ಹುಮ್ಮಸ್ಸು ಉಕ್ಕಿತು.

"ಇವಳೇ ನಮ್ಮ ಉಲ್ಟಾ! ಗೊತ್ತಲ್ಲ ಕಥೆ? ಮನೆ ತುಂಬ ನೀರು, ಇವಳು ವಾಲ್ವನ್ನ..." ಎಂದು ಸರಳನ್ನು ತೊಡೆಗೆ ಒರಗಿಸಿ, ಕೈಯನ್ನು ಗಾಳಿಯಲ್ಲಿ ತಿರುಗಿಸಿದರು. ಏಳು ಜನರೂ ನಕ್ಕರು. ಮುಖ್ಯ ಇಂಜಿನಿಯರೂ ನಕ್ಕರು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಮುದುಕರಿಗೆ ಮುದ್ದು ಮಾಡಲು ಗೊತ್ತಿದ್ದದ್ದೇ ಅಷ್ಟು.

ಸೊಸೆ ಶುರು ಮಾಡಿದಳು. ತೊದಲಲಿಲ್ಲ, ಅವಸರ ಮಾಡಲಿಲ್ಲ. ಒಂದು ವರ್ಷದಲ್ಲಿ ಎಷ್ಟು ನೀರು ನೆಲದ ಪಾಲಾಗುತ್ತದೆ, ಎಷ್ಟು ಮನೆಗೆ ಸಾಕಾಗುತ್ತಿತ್ತು ಎಂದು ಹೇಳಿದಳು. ಆಮೇಲೆ ಐದನೇ ಸ್ಲೈಡು ಬಂತು. ಒಬ್ಬ ಅನುಭವಿ ಆಲಿಸುವವರು. ಗುರುತು 1,212. ಅದೇ ಜಾಗದಲ್ಲಿ ನೀರು ಸಿಕ್ಕಿದ್ದು 389. ಕೊನೆಯ ಎಂಟು ವರ್ಷ, ನೂರಕ್ಕೆ ಒಂಬತ್ತು.

ಕೋಣೆಯಲ್ಲಿ ಗುಜುಗುಜು ಎದ್ದಿತು. ಅಧ್ಯಕ್ಷರು ಹುಬ್ಬು ಗಂಟಿಕ್ಕಿ, "ಯಾರಮ್ಮ ಈ ದಂಡಪಿಂಡ? ನಮ್ಮ ಇಲಾಖೇಲಿ ಇಂಥೋನೂ ಇದ್ನಾ? ಯಜಮಾನ್ರೇ, ನಿಮಗೆ ಗೊತ್ತಿರ್ಬೇಕಲ್ಲ!" ಎಂದರು.

ಕಿವಿ ಯಜಮಾನರು ಕನ್ನಡಕ ಏರಿಸಿ ಅಂಕಿಗಳನ್ನು ಓದಿದರು. ಮುಖ ಕೆಂಪಾಯಿತು. ಎದ್ದು ನಿಂತರು.

"ಛೀ! ಇದು ಕಿವೀನಾ, ಗೋಡೆ ತೂತಾ? ನನ್ನ ಕಾಲದಲ್ಲಿ ಇಂಥೋನಿದ್ದಿದ್ರೆ ಸರಳು ಕಿತ್ಕೊಂಡು ಮನೆಗೆ ಕಳಿಸ್ತಿದ್ದೆ. ಎಷ್ಟು ಜನರ ಬೆವರು ಮಣ್ಣು ಮಾಡಿದಾನೆ!" ಆಮೇಲೆ ಸೊಸೆಯ ಕಡೆ ತಿರುಗಿ, ಕಲಿಸಿದ ಪಾಠ ಒಪ್ಪಿಸು ಎನ್ನುವ ಮೇಷ್ಟ್ರ ದನಿಯಲ್ಲಿ, "ಆಧಾರ ಏನು? ನಾನೇನು ಹೇಳಿಕೊಟ್ಟಿದ್ದೆ? ಯಾರ ಅಂಕಿ ಇದು, ಹೆಸರು ಹೇಳು!" ಎಂದರು.

'ಹಳೆಯ ದಾಖಲೆ, ಮಾವ' ಎನ್ನಬಹುದಿತ್ತು. ಹೆಸರು ತಿಳಿಯದು ಎಂದರೂ ನಡೆಯುತ್ತಿತ್ತು. ಎಲ್ಲರೂ ನಕ್ಕಿದ್ದಕ್ಕೆ ಸಿಟ್ಟು ಬಂತು, ಕೈ ತಡೆಯಲಿಲ್ಲ ಎಂದು ಅವಳು ಆಮೇಲೆ ಗಂಡನ ಮುಂದೆ ಅತ್ತದ್ದುಂಟು. ಹೋಗಲಿ ಬಿಡಿ, ಸಿಟ್ಟಂತೆ! ಸ್ಲೈಡು ತಯಾರಾಗಿ ಆರು ದಿನವಾಗಿತ್ತು.

"ಹೇಳ್ತೀನಿ ಮಾವ," ಎಂದು ಗುಂಡಿ ಒತ್ತಿದಳು.

ಗೋಡೆಯಷ್ಟು ದೊಡ್ಡದಾಗಿ ನೋಟ್‌ಬುಕ್ಕಿನ ಪುಟ ಬಂತು. ದುಂಡನೆಯ ಅಕ್ಷರ, ಬೀದಿ, ಮನೆ ನಂಬರು, ಮೇಲಿಂದ ಕೆಳಗೆ ಹಸಿರು ಶಾಯಿ. ಪಕ್ಕದಲ್ಲಿ ಮೇಸ್ತ್ರಿಯ ವಕ್ರ ಅಕ್ಷರ: ಒಣಗಿದೆ, ಒಣಗಿದೆ, ಒಣಗಿದೆ. ಮಾವ ಮೊದಲು ಗುರುತು ಹಿಡಿದು ಮುಗುಳ್ನಕ್ಕರು. ತಮ್ಮ ಅಕ್ಷರ ಗೋಡೆಯ ಮೇಲೆ ಕಂಡ ಖುಷಿ ಅದು. ಆಮೇಲೆ ಕಣ್ಣು ಪಕ್ಕದ ಪುಟಕ್ಕೆ ಹೋಯಿತು. ಅಲ್ಲಿ ಒಂದು ಸಾಲು ಓದಿ, ತಮ್ಮ ಪುಟ ನೋಡಿ, ಮತ್ತೆ ಆ ಪುಟಕ್ಕೇ ಮರಳಿದರು. ಅಧ್ಯಕ್ಷರು ಮೇಜಿನ ಮೇಲಿನ ಲೋಟವನ್ನು ಸುಮ್ಮನೆ ಅತ್ತಿತ್ತ ಸರಿಸಿದರು. ಮುದುಕರು ಕುರ್ಚಿಗಾಗಿ ಹಿಂದೆ ಕೈ ಚಾಚಿ ತಡಕಿದರು, ಸರಳು ಜಾರಿ ಕಲ್ಲಿನ ನೆಲದ ಮೇಲೆ ಬಿತ್ತು. ಎಲ್ಲರೂ ಬೆಚ್ಚಿಬಿದ್ದರು. ಅವರೊಬ್ಬರು ಅತ್ತ ತಿರುಗಿಯೂ ನೋಡಲಿಲ್ಲ.

ಹನ್ನೊಂದು ನಿಮಿಷದಲ್ಲಿ ಮಂಡಳಿ ಒಪ್ಪಿತು, ಏಳಕ್ಕೆ ಏಳು. ಮುಖ್ಯ ಇಂಜಿನಿಯರ್ ಹೊರಗೆ ಬಂದು, "ಇಷ್ಟು ಚೆನ್ನಾಗಿ ತಯಾರಿ ಮಾಡಿದವರನ್ನ ನಾನು ನೋಡಿಲ್ಲ," ಎಂದರು. ಕೈ ಕುಲುಕುವಾಗ ಅವಳ ಮುಖ ನೋಡಲಿಲ್ಲ.

ವಾಪಸು ಬರುವಾಗ ಬಸ್ಸು ತುಂಬಿತ್ತು. ಯಾರೋ ಎದ್ದು ಇಬ್ಬರಿಗೂ ಜಾಗ ಕೊಟ್ಟರು. ಸರಳನ್ನು ಈಗ ಅವಳು ಹಿಡಿದಿದ್ದಳು; ಅವರು ತೆಗೆದುಕೊಳ್ಳಲು ಒಪ್ಪಿರಲಿಲ್ಲ. ಮಾವ ಕಿಟಕಿಯ ಹೊರಗೆ ರಸ್ತೆಯ ನೆಲವನ್ನೇ ನೋಡುತ್ತಿದ್ದರು. ಬೈಯಲಿ ಎಂದು ಅವಳು ಕಾದಳು. ಬೈಗುಳಕ್ಕೆ ಉತ್ತರ ಸಿದ್ಧವಿತ್ತು. ಆರು ವರ್ಷದ ಲೆಕ್ಕವೆಲ್ಲ ನಾಲಗೆಯ ತುದಿಯಲ್ಲಿತ್ತು.

ನಾಲ್ಕು ಸ್ಟಾಪು ದಾಟಿದ ಮೇಲೆ, "ಮೇಸ್ತ್ರಿಗೆ ಗೊತ್ತಿತ್ತಾ?" ಎಂದು ಕೇಳಿದರು.

ಅದು ಅವಳ ನಲವತ್ತರ ಪಟ್ಟಿಯಲ್ಲಿರಲಿಲ್ಲ. ಇಲ್ಲ ಎಂದುಬಿಡಬಹುದಿತ್ತು. ಬಾಯಿ ತೆರೆದರೆ ಸತ್ಯವೇ ಬಂತು. ಮೂರು ವಾರ ಅದನ್ನೇ ತಾಲೀಮು ಮಾಡಿದ್ದಳಲ್ಲ.

"ಗೊತ್ತಿತ್ತು ಮಾವ."

"ಹುಡುಗರಿಗೆ?"

"ಎಲ್ಲರಿಗೂ ಗೊತ್ತಿತ್ತು."

ಮಾವ ಅವಳ ಕಡೆ ವಾಲಿ, ಬಲಗಿವಿಯ ಹಿಂದೆ ಅಂಗೈ ಇಟ್ಟರು.

"ಏನಂದೆ, ತಾಯಿ? ಕೇಳಿಸ್ಲಿಲ್ಲ. ಜೋರಾಗಿ ಹೇಳು."

ಬಸ್ಸಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅವಳು ಅದನ್ನು ಇನ್ನೊಮ್ಮೆ ಹೇಳಿದಳು.